ಅಕ್ಕಪಕ್ಕ

ಸೆಗೆಡ್ ಊರಿನ ಎರಡನೇ ನಂಬರ್ ಟ್ರಾಮ್
ತಿರುವಿನಲ್ಲಿ ಕಿರ್ರೆಂದಾಗಲೆಲ್ಲ
ನೆಲಮಾಳಿಗೆಯಲ್ಲಿ ನನ್ನ ಶೀಷೆಗಳು ನಡುಗುತ್ತಿದ್ದವು.
ಹರಳು ಕಟ್ಟುವುದಕ್ಕೆ ಅಲುಗಾಟ ಆಗದು.
ಟ್ರಾಮ್ ಓಡಿಸುತ್ತಿದ್ದವನು ನನ್ನ ಗಂಡ, ದೆಜೋ.
ಕೆಲಸ ಕೆಡಿಸುವವನನ್ನೇ ಹುಡುಕಿ ಕಟ್ಟಿಕೊಂಡೆ ಅಂತ ಬೈದರೆ,
‘ನಾಳೆಯಿಂದ ತುದಿಗಾಲಲ್ಲಿ ಓಡಿಸ್ತೀನಿ ಬಿಡು’ ಅನ್ನುತ್ತಿದ್ದ.

ಮೂವತ್ತೊಂದು ವರ್ಷ ನಾನು ಮಾಡಿದ್ದಿಷ್ಟು:
ಬೇರೆಯವರು ಕುದಿಸಿಟ್ಟ ಲೋಹದ ಪಾಕದಿಂದ
ಸಾಸಿವೆಗಿಂತ ಸಣ್ಣ ಹರಳೊಂದನ್ನು ಹೆಕ್ಕಿ,
ಎಣ್ಣೆಯ ಹನಿಯಲ್ಲಿ ಅದ್ದಿ, ಸೂಜಿಮೊನೆಗಿಟ್ಟು,
ಕ್ಷ-ಕಿರಣಕ್ಕೆ ಒಡ್ಡಿ,
ಒಳಗೆ ಯಾರ ಪಕ್ಕ ಯಾರು ಕೂತಿದ್ದಾರೆಂದು
ವರದಿ ಒಪ್ಪಿಸುವುದು.
ಮದುವೆಯ ಪಂಕ್ತಿಯನ್ನು ಕಿಟಕಿಯಿಂದ ಇಣುಕಿ
ಬಂದು ಹೇಳುವ ಹೆಂಗಸಿನಂತೆ.

ನಡುವೆ ಪ್ಲಾಟಿನಂ. ನಾಲ್ಕು ಮೂಲೆ.
ಎರಡರಲ್ಲಿ ಅಮೋನಿಯಾ, ಎರಡರಲ್ಲಿ ಕ್ಲೋರಿನ್.
ಕ್ಲೋರಿನ್ ಎರಡೂ ಅಕ್ಕಪಕ್ಕ ಕೂತರೆ ಮದ್ದು.
ಎದುರುಬದುರು ಕೂತವೋ,
ಅದೇ ತೂಕ, ಅದೇ ಲೆಕ್ಕ, ಅದೇ ಹಳದಿ,
ಆದರೆ ಕೈಲಾಗದ ಪುಡಿ.

ನಾಲ್ಕು ತಿಂಗಳು ಬಚ್ಚಿಟ್ಟಿದ್ದ ದೆಜೋ.
ಮೂತ್ರ ಕೆಂಪಗಿದ್ದರೆ, ‘ಬೀಟ್‌ರೂಟ್ ತಿಂದಿದ್ದೆನಲ್ಲ’ ಅಂದ.
ಬೀಟ್‌ರೂಟ್ ಮನೆಗೆ ಬಂದು ವರ್ಷವಾಗಿತ್ತು.

ನರ್ಸ್ ಬೋಗ್ಲಾರ್ಕಾ ಮೊದಲು ಉಪ್ಪುನೀರಿನ ಚೀಲ ತೂಗುಹಾಕಿದಳು,
ಆಮೇಲೆ ಬೆಳಕು ತಾಗದಂತೆ ಕವಿಚಿದ ಇನ್ನೊಂದು.
ಪಕ್ಕದ ಕುರ್ಚಿಯಲ್ಲಿ ಕೂತು ನಾನು
ಗೊತ್ತಿದ್ದ ಒಂದೇ ಕಥೆ ಹೇಳಿದೆ:
ಉಪ್ಪಿನ ನಡುವೆ ಇದು ತೆಪ್ಪಗಿರುತ್ತದೆ.
ಕೋಶದ ಒಳಗೆ ಉಪ್ಪು ಕಡಿಮೆ.
ಅಲ್ಲಿ ಹೊಕ್ಕಮೇಲೆ ಕ್ಲೋರಿನ್ ಕಳಚಿ ಬೀಳುತ್ತದೆ,
ಖಾಲಿಯಾದ ಎರಡು ಕೈ
ವಂಶದ ಏಣಿಯ ನೆರೆಮೆಟ್ಟಿಲೆರಡನ್ನು ಹಿಡಿದು
ಏಣಿಯನ್ನೇ ಮಣಿಸುತ್ತವೆ.

ದೆಜೋ ಹನಿಗಳನ್ನು ಎಣಿಸುತ್ತಿದ್ದ.
‘ಹಳಿ ಬಾಗಿದರೆ ಗಾಡಿ ನಿಂತಿತು. ಗೊತ್ತಾಯ್ತು.’
ಸ್ವಲ್ಪ ಹೊತ್ತಿನ ಮೇಲೆ:
‘ಕೆಟ್ಟ ಗಾಡಿ ಯಾವುದು ಅಂತ ಅದಕ್ಕೆ ಯಾರು ಹೇಳ್ತಾರೆ?’

ಯಾರೂ ಹೇಳುವುದಿಲ್ಲ.
ಬೆರಳತುದಿ ಜೋಮು ಹಿಡಿಯಿತು. ಅಂಗಿಯ ಗುಂಡಿ ನಾನೇ ಹಾಕಿದೆ.
ಮೀನಿನ ಸಾರು ತವರದ ಚಮಚ ನೆಕ್ಕಿದಂತೆ, ಎಂದು ತಟ್ಟೆ ದೂಡಿದ.
ನಾಲ್ಕನೇ ಸರದಿಯ ಮೇಲೆ, ನಾನು ಪೇಟೆಗೆ ಹೋಗಿದ್ದಾಗ,
ಕೆಟಲ್ ಶಿಳ್ಳೆ ಹೊಡೆದು ಹೊಡೆದು ನೀರಾರಿ ಕಪ್ಪಾಯಿತು;
ಅವನು ಎರಡು ಮಾರು ದೂರದಲ್ಲಿ ಪೇಪರ್ ಓದುತ್ತಿದ್ದ.

ಅದೇ ಚಳಿಗಾಲ ನಮ್ಮ ಹುಡುಗ ಬೆಂಡೆಗೂಜ್
ಮೆಟ್ಟಿಲು ಹಾರಿಕೊಂಡು ಕೆಳಗೆ ಬಂದ. ಅವನ ರುಥೇನಿಯಂ
ತಟ್ಟೆಯ ಗಡ್ಡೆಕೋಶಗಳನ್ನು ಎರಡೇ ದಿನದಲ್ಲಿ ಮುಗಿಸಿತ್ತಂತೆ.
‘ದೆಜೋ ಮಾಮನಿಗೆ ಹೇಳಲಾ?’
ತಟ್ಟೆಯಲ್ಲಿ ಸಾಯುವುದೇನು ಮಹಾ, ಬ್ಲೀಚ್ ಸುರಿದರೂ ಸಾಯುತ್ತವೆ
ಅನ್ನಬೇಕಿತ್ತು. ಅವನ ಕಿವಿ ಸಂತೋಷಕ್ಕೆ ಕೆಂಪಾಗಿತ್ತು.
‘ಹರಳು ಕಟ್ಟಲಿ, ನೋಡೋಣ’ ಅಂದೆ.

ಶೀಷೆಯನ್ನು ಫ್ರಿಜ್ಜಿನ ಹಿಂಬದಿಗೆ ಸರಿಸಿ
ಆಸ್ಪತ್ರೆಯ ಓಡಾಟದಲ್ಲಿ ಮರೆತೇಬಿಟ್ಟೆ.
ತಿಸಾ ನದಿ ಕೆಸರುಬಣ್ಣದಲ್ಲಿ ಉಬ್ಬಿದ ಮಾರ್ಚಿನಲ್ಲಿ ತೆಗೆದರೆ,
ತಳದಲ್ಲಿ ಬೇಳೆಯಷ್ಟು ದಪ್ಪ ಒಂದು ಹರಳು!
ಬಣ್ಣವಿಲ್ಲ. ಆರು ಮುಖ. ನೋಡಿದೊಡನೆ ನನಗೆ ತಿಳಿಯಿತು.
ಹುಡುಗ ಕೇಳಲಿಲ್ಲ, ಅಳೆಯಿರಿ ಅಂದ. ಅಳೆದೆ.
ಐದು ದಶಮಾಂಶ ಆರು ನಾಲ್ಕು, ಮೂರು ಕಡೆಯಿಂದಲೂ.
ಅಡುಗೆ ಉಪ್ಪು.
ಅವನು ಸಿಂಕಿನ ಕಡೆ ತಿರುಗಿ ಕೈ ತೊಳೆಯುತ್ತ ನಿಂತ,
ಬಹಳ ಹೊತ್ತು.

ಎಸೆಯಲು ಮನಸ್ಸು ಬರಲಿಲ್ಲ.
ಕಾಗದದಲ್ಲಿ ಸುತ್ತಿ ಮನೆಗೆ ತಂದೆ.
ದೆಜೋ ಜೋಮುಬೆರಳುಗಳಲ್ಲಿ ಹೇಗೋ ಹಿಡಿದು
ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ.
‘ಬಾಯಿಗೆ ಹಾಕಬೇಡ, ಅದು ಲ್ಯಾಬಿನದು’ ಎಂದು ಚೀರಿದೆ.
ನನ್ನ ದನಿ ಮೊದಲೇ ಕೀರಲು;
ಕೇಳಿಸಲಿಲ್ಲವೋ, ಕೇಳಿಸಿಯೂ ಹಟವೋ,
ನಾಲಿಗೆಯ ಮೇಲಿಟ್ಟುಕೊಂಡು
ಕಣ್ಣು ಮುಚ್ಚಿದ.

‘ಉಪ್ಪು’ ಅಂದ.
‘ಇಲ್ಕಾ, ಉಪ್ಪುಪ್ಪಾಗಿದೆ ಕಣೇ.’